ನಮ್ಮ ಮನೆಯ ಚಕ್ಕುಬಂದಿ

ಮನೆ ನಮ್ಮ ಹೆಸರಿಗೆ ಆದ ದಿನ ಸಂಜೆ ಅಪ್ಪ ತಿಪಟೂರಿನಿಂದ ಫೋನ್ ಮಾಡಿದರು. ಎಷ್ಟು ಚದರ, ಎಷ್ಟು ದುಡ್ಡು ಅಂತ ಕೇಳಲಿಲ್ಲ. ಅದೆಲ್ಲ ಅವರಿಗೆ ಮೊದಲೇ ಗೊತ್ತಿತ್ತು. "ಚಕ್ಕುಬಂದಿ ಹೇಳಮ್ಮ" ಅಂದರು. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಯಾರ ಸ್ವತ್ತು, ಉತ್ತರ ದಕ್ಷಿಣಕ್ಕೆ ಯಾರ ಮನೆ. ಕೈಯಲ್ಲಿದ್ದ ಪತ್ರ ತಿರುವಿ ನೋಡಿದೆ. ಅದರಲ್ಲಿ ನಾಲ್ಕು ದಿಕ್ಕು ಎಲ್ಲೂ ಇರಲಿಲ್ಲ. ಕಡಾಸ್ಟರ್, ಅಂದರೆ ಇಲ್ಲಿ ನೆದರ್‌ಲ್ಯಾಂಡ್ಸ್‌ನ ಭೂದಾಖಲೆ ಇಲಾಖೆ, ಕೊಟ್ಟ ಒಂದು ನಂಬರ್ ಇತ್ತು. ಅದರ ಕೆಳಗೆ ಎರಡು ಪುಟದಷ್ಟು ಹಳೆಯ ಡಚ್ ಭಾಷೆಯಲ್ಲಿ ಬೇರೆಯವರ ಹಕ್ಕುಗಳಿದ್ದವು. "ಆಮೇಲೆ ಹೇಳ್ತೀನಪ್ಪ" ಅಂದೆ. ಆಮೇಲೆ ಹೇಳೋಕೆ ಒಂದು ವರ್ಷ ಹಿಡಿಯಿತು.

ಅಪ್ಪನ ಕ್ರಯಪತ್ರ ನಾನು ಚಿಕ್ಕವಳಿದ್ದಾಗ ಓದಿದ್ದೆ. ಬೀರುವಿನ ಲಾಕರಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿಟ್ಟ ಛಾಪಾ ಕಾಗದ. ಅರ್ಥ ಗೊತ್ತಿಲ್ಲದೆ ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ. ಈ ಅಷ್ಟಭೋಗಗಳ ಸಮೇತ ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು. ನೆಲದಡಿಯ ನೀರು, ಕಲ್ಲು, ಹೂತಿಟ್ಟ ಹಣ, ಮುಂದೆ ಬರಬಹುದಾದ ಲಾಭ, ಎಲ್ಲವೂ ನಿಮ್ಮದೇ. ಸ್ವಂತ ಮನೆ ಅಂದರೆ ನನ್ನ ತಲೆಯಲ್ಲಿ ಕೂತಿದ್ದ ಚಿತ್ರ ಅದು. ಅದೇ ಚಿತ್ರ ಹೊತ್ತುಕೊಂಡು ಹಾರ್ಲೆಮ್‌ನ ಹಳೇ ಊರಿನ ನಡುವೆ ಮನೆ ಹುಡುಕಲು ಹೊರಟಿದ್ದೆವು.

ಐದು ಬೀದಿ ಸೇರುವ ಜಾಗ

ಇಲ್ಲಿರುವ ನಮ್ಮವರಲ್ಲಿ ಹೆಚ್ಚಿನವರು ಆಮ್ಸ್ಟರ್‌ಡ್ಯಾಮ್ ಪಕ್ಕದ ಆಮ್ಸ್ಟೆಲ್‌ವೇನ್ ಕಡೆ ನೋಡುತ್ತಾರೆ. ಅಲ್ಲಿ ನಮ್ಮ ಜನ ಇದ್ದಾರೆ, ಕೊತ್ತಂಬರಿ ಸೊಪ್ಪಿನಿಂದ ಹಿಡಿದು ಎಲ್ಲ ಸಿಗುತ್ತೆ, ಮನೆಗಳು ಹೊಸವು. ನಮಗೂ ಎಲ್ಲರೂ ಅದನ್ನೇ ಹೇಳಿದರು. ಆದರೆ ಬಾಡಿಗೆಗೆ ಅಂತ ಒಂದು ವರ್ಷ ಹಾರ್ಲೆಮ್‌ನಲ್ಲಿದ್ದಾಗ ಫೈಫ್‌ಹುಕ್ ಅನ್ನುವ ಕೇರಿ ನನ್ನ ಮನಸ್ಸಿಗೆ ಹತ್ತಿಬಿಟ್ಟಿತ್ತು. ಹೆಸರಿನ ಅರ್ಥ ಐದು ಮೂಲೆ. ಸಣ್ಣ ಸಣ್ಣ ಬೀದಿಗಳು ಬಂದು ಕೂಡುವ ಜಾಗ. ಮಧ್ಯದಲ್ಲಿ ನ್ಯೂವೆ ಕೆರ್ಕ್, ಅಂದರೆ ಹೊಸ ಚರ್ಚು. ಹೊಸದು ಅಂದರೂ ಅದರ ಗೋಪುರ ವಾಸ್ತುಶಿಲ್ಪಿ ಲೀವೆನ್ ಡೆ ಕೇ 1613ರಲ್ಲಿ ಕಟ್ಟಿದ್ದು. ಬೀದಿಗಳು ಎಷ್ಟು ಕಿರಿದು ಅಂದರೆ ಎದುರು ಮನೆಯವರು ಕಾಫಿಗೆ ಸಕ್ಕರೆ ಹಾಕುವುದು ಕಾಣುತ್ತದೆ. ಮನೆಯ ಮುಂದೆ ಅಂಗಳ ಇಲ್ಲ. ಅದಕ್ಕೆ ಜನ ಗೋಡೆಯ ಬುಡದಲ್ಲಿ ಬೀದಿಗೆ ಹಾಸಿದ ಒಂದು ಸಾಲು ಇಟ್ಟಿಗೆ ಕಿತ್ತು, ಆ ಒಂದು ಗೇಣು ಮಣ್ಣಿನಲ್ಲಿ ಗಿಡ ನೆಡುತ್ತಾರೆ. ಬೇಸಿಗೆಯಲ್ಲಿ ಹಾಲಿಹಾಕ್ ಹೂಗಳು ಕಿಟಕಿ ದಾಟಿ ಮೇಲೆ ಹೋಗುತ್ತವೆ. ಒಂದು ಗೇಣು ಮಣ್ಣಿಗೆ ಇಷ್ಟು ಮರ್ಯಾದೆ ಕೊಡುವ ಕೇರಿಯಲ್ಲಿ ಬದುಕಬೇಕು ಅಂತ ನನಗನ್ನಿಸಿತು. ಬೇರೆ ಕಾರಣ ಹುಡುಕಿದರೆ ಸಿಗಬಹುದು. ನಿಜವಾದ ಕಾರಣ ಅದೇ.

ಕೊಳ್ಳುವ ಗೋಳು ಇಲ್ಲಿದ್ದವರಿಗೆಲ್ಲ ಗೊತ್ತೇ ಇದೆ. ಬೆಳಗ್ಗೆ ಎದ್ದು ಫಂಡಾ ಅನ್ನುವ ಮನೆ ಮಾರಾಟದ ಜಾಲತಾಣ ನೋಡುವುದು, ಹದಿನೈದು ನಿಮಿಷದಲ್ಲಿ ಮನೆ ನೋಡಿ ಬರುವುದು, ಎರಡು ದಿನದಲ್ಲಿ ಬೆಲೆ ಬರೆದು ಕಳಿಸುವುದು. ಬೇರೆಯವರು ಎಷ್ಟು ಬರೆದಿದ್ದಾರೆ ಅಂತ ನಮಗೆ ಗೊತ್ತಾಗುವುದಿಲ್ಲ. ನಾಲ್ಕು ಮನೆ ಕೈತಪ್ಪಿದವು. ಐದನೆಯದಕ್ಕೆ ನಮ್ಮ ಪರವಾಗಿದ್ದ ಮಕೆಲಾರ್, ಅಂದರೆ ಮನೆ ದಲ್ಲಾಳಿ, ಹೇಳಿದ್ದು: ತಪಾಸಣೆಯ ಷರತ್ತು ಬಿಟ್ಟುಬಿಡಿ, ಆಗ ಮಾರುವವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತೆ. ನಾವು ಬಿಡಲಿಲ್ಲ. ಬಿಡಬಾರದು ಅಂತಲೇ ಇವತ್ತೂ ಹೇಳುತ್ತೇನೆ. ನಾನೂರು ವರ್ಷದ ಮನೆಯನ್ನು ಹದಿನೈದು ನಿಮಿಷ ನೋಡಿ ಜೀವಮಾನದ ಸಾಲ ಮಾಡುವವರಿಗೆ ಒಬ್ಬ ತಿಳಿದವರ ಕಣ್ಣು ಬೇಕೇ ಬೇಕು. ಅದೃಷ್ಟ ಚೆನ್ನಾಗಿತ್ತು. ಮಾರುವವರು ಷರತ್ತನ್ನು ಒಪ್ಪಿಕೊಂಡರು.

ಮರಳು

ತಪಾಸಣೆಗೆ ಬಂದವರು ಅರವತ್ತರ ಆಸುಪಾಸಿನ ಎತ್ತರದ ಮನುಷ್ಯ. ಮಂಡಿಗೆ ಪ್ಯಾಡ್ ಕಟ್ಟಿಕೊಂಡಿದ್ದರು. ಬಂದವರು ಗೋಡೆ ನೋಡಲಿಲ್ಲ, ಮಾಡು ನೋಡಲಿಲ್ಲ. ಬಾಗಿಲ ಹತ್ತಿರದ ಕಾಲೊರೆಸು ಸರಿಸಿ, ಅದರ ಕೆಳಗಿದ್ದ ಮರದ ಮುಚ್ಚಳ ಎತ್ತಿದರು. ಮನೆಯ ನೆಲದ ಕೆಳಗೆ ತೆವಳಿಕೊಂಡು ಹೋಗುವಷ್ಟು ಜಾಗ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಹಳೆಯ ಚೀಲದ ವಾಸನೆ. ಅವರು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಒಳಗಿಳಿದರು. ಸ್ವಲ್ಪ ಹೊತ್ತಿನ ನಂತರ ಬರೀ ಒಂದು ಕೈ ಮೇಲೆ ಬಂತು. ಮುಷ್ಟಿ ಬಿಚ್ಚಿದರು. ಮರಳು. ಬೆರಳ ಸಂದಿಯಿಂದ ಸೋರಿ ಕಾಲೊರೆಸಿನ ಮೇಲೆ ಬಿತ್ತು. ಸಣ್ಣನೆಯ, ಒಣಗಿದ, ಬಿಳಿಚಿದ ಮರಳು.

"ಓಪ್ ಸ್ಟಾಲ್" ಅಂದರು ಕೆಳಗಿನಿಂದ.

ಡಚ್ಚಿನಲ್ಲಿ ಸ್ಟಾಲ್ ಅಂದರೆ ಉಕ್ಕು. ಉಕ್ಕಿನ ಮೇಲೆ ನಿಂತಿದೆ ಅಂದುಕೊಂಡು ನನ್ನ ಗಂಡನ ಮುಖ ನೋಡಿದೆ. ಅವರಿಗೂ ಸಮಾಧಾನ ಆಗಿತ್ತು. ಮೇಲೆ ಬಂದು ಮಂಡಿ ಒರೆಸಿಕೊಂಡ ಮೇಲೆ ಅವರು ಬಿಡಿಸಿ ಹೇಳಿದರು. ಇಲ್ಲಿ ಉಕ್ಕು ಇಲ್ಲ. ಕಟ್ಟಡದ ಮಾತಿನಲ್ಲಿ ಆ ಪದಕ್ಕೆ ಗಟ್ಟಿ ನೆಲ, ಬುಡ ಅನ್ನುವ ಹಳೆಯ ಅರ್ಥ. ಗೋಡೆಯ ಇಟ್ಟಿಗೆಯನ್ನೇ ಕೆಳಗೆ ಹೋಗುತ್ತಾ ಅಗಲ ಮಾಡಿ, ಸುಮ್ನೆ ಮರಳಿನ ಮೇಲೆ ಕೂರಿಸಿದ್ದಾರೆ. ಹಾರ್ಲೆಮ್‌ನ ಹಳೆಯ ನಡುಭಾಗ ಒಂದು ಕಾಲದ ಸಮುದ್ರದಂಡೆಯ ಮರಳಿನ ದಿಬ್ಬದ ಮೇಲಿದೆ. ಸಮುದ್ರ ಸಾವಿರಾರು ವರ್ಷದ ಹಿಂದೆಯೇ ಪಶ್ಚಿಮಕ್ಕೆ ಸರಿದುಹೋಯಿತು. ದಿಬ್ಬ ಉಳಿಯಿತು. ಅದರ ಮೇಲೆ ಊರು ಬಂತು. ಆಮ್ಸ್ಟರ್‌ಡ್ಯಾಮ್‌ಗೆ ಆ ಭಾಗ್ಯ ಇಲ್ಲ. ಅಲ್ಲಿ ಮೆತ್ತನೆಯ ಕೊಳೆಮಣ್ಣಿಗೆ ಮರದ ಕಂಬ ಹೊಡೆದು ಮನೆ ನಿಲ್ಲಿಸಿದ್ದಾರೆ. ಡ್ಯಾಮ್ ಚೌಕದ ಅರಮನೆಯೊಂದಕ್ಕೇ 13,659 ಕಂಬಗಳು. ಕಂಬದ ತಲೆ ನೀರಿನಲ್ಲಿ ಮುಳುಗಿರುವಷ್ಟು ಕಾಲ ಚಿಂತೆ ಕಡಿಮೆ. ಅಂತರ್ಜಲ ಇಳಿದು ತಲೆಗೆ ಗಾಳಿ ತಾಗಿದರೆ ಬೂಷ್ಟು ಹಿಡಿದು ಮರ ಮೆತ್ತಗಾಗುತ್ತದೆ. ಅದನ್ನು ಸರಿ ಮಾಡಿಸಲು ಒಂದು ಲಕ್ಷ ಯೂರೋ ಹತ್ತಿರ ಖರ್ಚು ಬರುವುದುಂಟು. ನಮ್ಮೂರಲ್ಲಿ ಮನೆಯಡಿ ನೀರು ಬಂತು ಅಂದರೆ ಹೆದರುತ್ತೇವೆ. ಇಲ್ಲಿ ಬೇಸಿಗೆಯಲ್ಲಿ ನೀರು ಇಳಿಯಿತು ಅಂದರೆ ಹೆದರುವವರಿದ್ದಾರೆ.

ಆಮೇಲೆ ಮೇಲಿನ ಕೋಣೆಗೆ ಹೋದರು. ಅಲ್ಲಿ ನೆಲ ಒಂದು ಕಡೆಗೆ ವಾಲಿದೆ, ಬಾಗಿಲನ್ನೂ ಓರೆಯಾಗಿಯೇ ಕತ್ತರಿಸಿ ಕೂರಿಸಿದ್ದಾರೆ. ಗೋಡೆಯಲ್ಲಿ ಮೊಳಕೈಯಷ್ಟು ಉದ್ದದ ಬಿರುಕು. ನನಗೆ ಎದೆ ಧಸಕ್ ಅಂತು. ಅವರು ಉಗುರಿನಿಂದ ಬಿರುಕಿನ ಒಳಗೆ ಕೆರೆದು ತೋರಿಸಿದರು. "ಒಳಗೂ ಬಣ್ಣ ಇದೆ ನೋಡಿ. ಕೊನೆಯ ಸಲ ಬಣ್ಣ ಬಳಿಯುವುದಕ್ಕೆ ಮುಂಚೆಯೇ ಬಿರುಕು ಬಿಟ್ಟಿದೆ. ಬಣ್ಣ ಬಳಿದ ಮೇಲೆ ಇದು ಅಲ್ಲಾಡಿಲ್ಲ." ಅವತ್ತಿನಿಂದ ಯಾರ ಹಳೆಯ ಮನೆಗೆ ಹೋದರೂ ನಾನು ಬಿರುಕಿನ ಒಳಗೆ ಬಣ್ಣ ಇದೆಯಾ ಅಂತ ನೋಡುತ್ತೇನೆ.

ಹೊರಡುವ ಮುಂಚೆ ಅವರು ಇನ್ನೊಂದು ಮಾತು ಹೇಳಿದರು. ತೊಲೆಗಳ ತುದಿ ತೋರಿಸಿ, "ಇವು ನಿಮ್ಮ ಗೋಡೆಯೊಳಗೆ ಹೋಗಿವೆ. ಅದೇ ಗೋಡೆಗೆ ಆ ಕಡೆಯಿಂದ ಅವರ ತೊಲೆಗಳೂ ಬಂದಿವೆ. ನೀವು ಅರ್ಧ ಗೋಡೆ ಕೊಳ್ಳುತ್ತಿದ್ದೀರಿ, ಅದು ನೆನಪಿರಲಿ" ಅಂದರು. ಆಗ ಆ ಮಾತು ಅಷ್ಟಾಗಿ ತಲೆಗೆ ಹೋಗಲಿಲ್ಲ.

ಓದಿ ಹೇಳಿದ್ದು

ಕರಾರಿಗೆ ಸಹಿ ಹಾಕಿದ ಮೇಲೆ ಕೊಳ್ಳುವವರಿಗೆ ಮೂರು ದಿನ ಯೋಚಿಸುವ ಅವಕಾಶ ಇದೆ. ಕಾರಣ ಹೇಳದೆ ಹಿಂದೆ ಸರಿಯಬಹುದು. ಆ ಮೂರು ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಕರಾರಿನಲ್ಲಿ ಒಂದು ಕಲಮಿತ್ತು, ಹಳೆಯ ಮನೆಗಳಿಗೆಲ್ಲ ಹಾಕುತ್ತಾರಂತೆ. ಮನೆಗೆ ತುಂಬಾ ವಯಸ್ಸಾಗಿದೆ, ಹೊಸ ಮನೆಯಿಂದ ಬಯಸುವ ಗುಣವನ್ನು ಇದರಿಂದ ಬಯಸುವಂತಿಲ್ಲ, ಇದು ತಿಳಿದೇ ಕೊಳ್ಳುತ್ತಿದ್ದೇನೆ ಅಂತ ಒಪ್ಪಿಕೊಳ್ಳಬೇಕು. ಮುದುಕರನ್ನು ಮನೆಗೆ ಕರೆದುಕೊಂಡು ಬರುವಾಗ ಹೇಳುವ ಮಾತಿನ ಹಾಗೆ ಕೇಳಿಸಿತು ನನಗೆ. ಒಪ್ಪಿದೆವು.

2023ರ ಅಕ್ಟೋಬರ್‌ನಲ್ಲಿ ನೋಟಾರಿಸ್ ಕಚೇರಿಯಲ್ಲಿ ಕೂತೆವು. ಇಲ್ಲಿ ನೋಟಾರಿಸ್ ಅಂದರೆ ನಮ್ಮಲ್ಲಿ ಕೋರ್ಟಿನ ಮುಂದೆ ಕೂತು ಸೀಲು ಹೊಡೆಯುವವರಲ್ಲ. ದುಡ್ಡು ಅವರ ಕೈ ದಾಟಿಯೇ ಹೋಗಬೇಕು, ಪತ್ರ ಅವರೇ ಬರೆಯಬೇಕು, ನೋಂದಣಿಗೂ ಅವರೇ ಕಳಿಸಬೇಕು. ನಮಗೆ ಕಚೇರಿ ಡಚ್ ಅರ್ಥವಾಗುವುದಿಲ್ಲ, ಅದಕ್ಕೆ ಪ್ರಮಾಣವಚನ ತಗೊಂಡ ದುಭಾಷಿ ಒಬ್ಬರು ಪಕ್ಕದಲ್ಲಿದ್ದರು. ಬೆಲೆ, ಸಾಲ, ಶೇಕಡಾ 2ರ ವರ್ಗಾವಣೆ ತೆರಿಗೆ ಎಲ್ಲ ನೋಟಾರಿಸ್ ಸರಾಗವಾಗಿ ಓದಿಕೊಂಡು ಹೋದರು. ಒಂದು ಕಡೆ ನಿಂತರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಮುಂದಿನದು ಹಿಂದಿನ ಪತ್ರಗಳಿಂದ ಅಕ್ಷರಶಃ ಎತ್ತಿಕೊಂಡದ್ದು" ಅಂದರು.

ದುಭಾಷಿ ನಿಧಾನವಾಗಿ ಹೇಳುತ್ತಾ ಹೋದರು. ಮನೆಯ ಪಕ್ಕದ ಸಂದಿ ಮಾರುವವರ ಸ್ವತ್ತು, ಈಗ ನಿಮ್ಮ ಸ್ವತ್ತು. ಆದರೆ ಉತ್ತರದ ಮನೆಯವರು ಆ ಸಂದಿಯಲ್ಲಿ ನಡೆದು, ನಿಮ್ಮ ಹಿತ್ತಲಿನ ಅಂಚಿನಿಂದ ತಮ್ಮ ಹಿತ್ತಲಿಗೆ ಹೋಗಬಹುದು. ಬರಿಗೈಯಲ್ಲಿ ಹೋಗಬಹುದು, ಕೈಗಾಡಿ ತಳ್ಳಿಕೊಂಡೂ ಹೋಗಬಹುದು. ಅದನ್ನು ಮುಚ್ಚುವಂತಿಲ್ಲ. ದಕ್ಷಿಣದ ಮನೆಯ ಹಿಂಭಾಗದ ಸೂರಿನ ನೀರು ನಿಮ್ಮ ಹಿತ್ತಲಿಗೆ ಬೀಳಬಹುದು. ಅದನ್ನು ತಡೆಯುವಂತಿಲ್ಲ. ಕಾನೂನಿನ ಪ್ರಕಾರ ಎರಡು ಮನೆ ನಡುವಿನ ಗೋಡೆ ಇಬ್ಬರದೂ. ಮನೆ ಪುರಸಭೆಯ ಸ್ಮಾರಕಗಳ ಪಟ್ಟಿಯಲ್ಲಿದೆ, ಅನುಮತಿ ಇಲ್ಲದೆ ಹೊರಗಿನ ಚಹರೆ ಬದಲಿಸುವಂತಿಲ್ಲ.

ಸೂರಿನ ನೀರು! ತಿಪಟೂರಿನಿಂದ ಇಷ್ಟು ದೂರ ಬಂದು, ಸೂಟು ಹಾಕಿಕೊಂಡ ಮನುಷ್ಯನ ಬಾಯಲ್ಲಿ ಸೂರಿನ ನೀರಿನ ಮಾತು ಕೇಳಿದೆ. ನಮ್ಮ ಅಜ್ಜಿಯ ಊರಿನಲ್ಲಿ ಅದೇ ನೀರಿಗಾಗಿ ಎರಡು ಮನೆಯವರು ಮಾತು ಬಿಟ್ಟಿದ್ದರು. ಇಲ್ಲಿ ಅದನ್ನು ಬರೆದಿಟ್ಟಿದ್ದಾರೆ. ಬರೆದದ್ದನ್ನು ಪ್ರತಿ ಸಲ ಮನೆ ಕೈ ಬದಲಾದಾಗ ಗಟ್ಟಿಯಾಗಿ ಓದಿ ಹೇಳುತ್ತಾರೆ. ಅಪ್ಪನ ಪತ್ರ ಏನೇನು ನಿಮ್ಮದು ಅಂತ ಪಟ್ಟಿ ಕೊಟ್ಟಿತ್ತು. ಈ ಪತ್ರ ಏನೇನು ನಿಮ್ಮದಲ್ಲ ಅಂತ ಪಟ್ಟಿ ಕೊಟ್ಟಿತು. ಕೀಲಿಕೈ ತಗೊಂಡು ಹೊರಗೆ ಬಂದಾಗ ಖುಷಿಯ ಜೊತೆ ಎಲ್ಲೋ ಸ್ವಲ್ಪ ಕಳಕೊಂಡ ಹಾಗೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ರಾತ್ರಿ ನೆಲದ ಮೇಲೆ ಹಾಸಿಗೆ ಹಾಸಿ ಮಲಗಲು ಸಿದ್ಧವಾಗುತ್ತಿದ್ದೆವು. ಒಂಬತ್ತು ಗಂಟೆಗೆ ಗಂಟೆ ಶುರುವಾಯಿತು. ನಿಲ್ಲಲೇ ಇಲ್ಲ. ಸಿಂಟ್ ಬಾವೋ ಚರ್ಚಿನ ಎರಡು ಸಣ್ಣ ಗಂಟೆಗಳು, ಡಾಮಿಯಾಟ್ಯೆಸ್ ಅಂತ ಹೆಸರು. ಪ್ರತಿ ರಾತ್ರಿ ಒಂಬತ್ತರಿಂದ ಒಂಬತ್ತೂವರೆವರೆಗೆ ಬಾರಿಸುತ್ತವೆ. ಒಂದು ಕಾಲಕ್ಕೆ ಊರಬಾಗಿಲು ಮುಚ್ಚುವ ಹೊತ್ತಾಯಿತು ಅಂತ ಸಾರುತ್ತಿದ್ದವು. ಬಾಗಿಲು ಮುಚ್ಚುವ ಕಾಲ ಹೋದರೂ ಗಂಟೆ ನಿಂತಿಲ್ಲ. ಈಗ ನಮ್ಮ ಮಗಳಿಗೆ ಅದೇ ಮಲಗುವ ಹೊತ್ತು.

ಸಂದಿ, ಕಿಟಕಿ, ದೋಣಿ

ಸಂದಿಯ ಮೇಲೆ ನಮ್ಮ ಮಲಗುವ ಕೋಣೆ ಇದೆ. ಬೆಳಗ್ಗೆ ಏಳಕ್ಕೆ ಪಕ್ಕದ ಮನೆಯ ಅಜ್ಜಿ ಸೈಕಲ್ ತಳ್ಳಿಕೊಂಡು ಕೆಳಗೆ ಹೋಗುತ್ತಾರೆ. ಗೇಟಿನ ಕೆಳಗಿನ ಕೀಲು ಇಳಿದಿದೆ. ಎತ್ತಿ ತಳ್ಳಬೇಕು, ಆಗ ಕಿರ್ ಅನ್ನುತ್ತೆ. ಮೊದಲ ತಿಂಗಳು ನನ್ನ ಗಂಡನಿಗೆ ಇದರಿಂದ ತುಂಬಾ ಕಿರಿಕಿರಿ. ನಾವು ಬಂದ ವಾರವೇ ಅಜ್ಜಿ ಬಾಗಿಲು ತಟ್ಟಿ, ದಾರಕ್ಕೆ ಕಟ್ಟಿದ ಕೀಲಿಕೈ ತೋರಿಸಿ, "ಇದು ಹಿಂದಿನವರು ಕೊಟ್ಟದ್ದು. ಇಟ್ಟುಕೊಳ್ಳಲಾ?" ಅಂತ ಕೇಳಿದ್ದರು. ಹಕ್ಕು ಪತ್ರದಲ್ಲೇ ಇದೆ, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೂ ಕೇಳಿದರು. ಅದಾದ ಮೇಲೆ ಕಿರಿಕಿರಿ ಇತ್ತು, ಸಿಟ್ಟು ಇರಲಿಲ್ಲ.

ಚಳಿಗಾಲ ಬಂದಾಗ ಕಿಟಕಿಯ ತಲೆನೋವು. ಮುಂದಿನ ಕಿಟಕಿಗಳದ್ದು ಒಂದೇ ಪದರದ ಗಾಜು, ಬೆಳಗ್ಗೆ ಒಳಗಡೆ ಹನಿ ಇಳಿಯುತ್ತೆ. ಕಿತ್ತು ಡಬಲ್ ಗಾಜಿನ ಹೊಸ ಕಿಟಕಿ ಹಾಕಿಸೋಣ ಅಂದುಕೊಂಡೆವು. ಅದಕ್ಕೆ ಅನುಮತಿ ಬೇಕು, ಮತ್ತು ಚೌಕಟ್ಟಿನ ದಪ್ಪ ಬದಲಾದರೆ ಸಿಗುವುದು ಕಷ್ಟ. ಆಗ ನನಗೆ ಬಂದ ಸಿಟ್ಟು ನೆನಪಿದೆ. ಚಳಿ ತಿನ್ನುವವರು ನಾವು, ಸಾಲ ಕಟ್ಟುವವರು ನಾವು, ಹೋಗಿಬರುವವರ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ ನಾವು ನಡುಗಬೇಕಾ? ಕೊನೆಗೆ ಬಡಗಿಯೊಬ್ಬರು ಹಳೆಯ ಕಿಟಕಿ ಹಾಗೇ ಬಿಟ್ಟು ಒಳಗಿನಿಂದ ಇನ್ನೊಂದು ತೆಳು ಗಾಜಿನ ಕಿಟಕಿ ಕೂರಿಸಿಕೊಟ್ಟರು. ಚಳಿ ಪೂರ್ತಿ ಹೋಗಿಲ್ಲ, ಸಾಕಷ್ಟು ಕಡಿಮೆಯಾಗಿದೆ. ಆ ಕೆಲಸದ ವೇಳೆ ಅವರು ನನ್ನನ್ನು ಕರೆದು ಹಳೆಯ ಗಾಜಿಗೆ ತಲೆ ಓರೆ ಮಾಡಿ ನೋಡಲು ಹೇಳಿದರು. ಗಾಜಿನಲ್ಲಿ ಸಣ್ಣ ಅಲೆಗಳಿವೆ. ತಲೆ ಅಲ್ಲಾಡಿಸಿದರೆ ಎದುರು ಮನೆ ನೀರಿನಲ್ಲಿ ಕಂಡ ಹಾಗೆ ಅಲುಗುತ್ತದೆ. ನಾವು ಅದನ್ನು ಕಸದ ತೊಟ್ಟಿಗೆ ಹಾಕಿಬಿಡುತ್ತಿದ್ದೆವು. ಈ ನಿಯಮ ನಮ್ಮ ಮೇಲೆ ಹಾಕಿದ ಭಾರ ಅಂತ ಅಂದುಕೊಂಡಿದ್ದೆ. ಈ ಬೀದಿಯಲ್ಲಿ ನಮಗಿಂತ ಮುಂಚೆ ಇದ್ದವರ ಮೇಲೂ ಅದೇ ಭಾರ ಇಲ್ಲದಿದ್ದರೆ ನಾನು ಮನಸೋತ ಬೀದಿಯೇ ಇರುತ್ತಿರಲಿಲ್ಲ, ಅಲ್ವಾ? ಬೇರೆಯವರು ತಾಳಿಕೊಂಡದ್ದನ್ನು ಅನುಭವಿಸಲು ಬಂದವಳು ನಾನು. ತಾಳುವ ಸರದಿ ನನ್ನದು.

ಒಂದು ವಿಷಯದಲ್ಲಿ ಮಾತ್ರ ನನಗೆ ಸಮಾಧಾನ ಇಲ್ಲ. ಅಜ್ಜಿಯ ಮಗ ಹುಟ್ಟಿದ್ದು ಇದೇ ಬೀದಿಯಲ್ಲಿ. ಇಲ್ಲಿ ಮನೆ ಕೊಳ್ಳಲು ಅವರಿಂದ ಆಗಲಿಲ್ಲ. ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಊರಿನಲ್ಲಿದ್ದಾರೆ. ಒಂದು ಕಾಲದಲ್ಲಿ ಕೈಕೆಲಸದವರು ಇದ್ದ ಮನೆಗಳಿವು. ಈಗ ಎರಡು ಸಂಬಳ ಇದ್ದರೂ ಕಷ್ಟ. ಬಾಡಿಗೆಗೆ ಬಿಡಲೆಂದೇ ಮನೆ ಕೊಳ್ಳುವವರನ್ನು ತಡೆಯುವ ಅಧಿಕಾರವನ್ನು 2022ರಿಂದ ಪುರಸಭೆಗಳಿಗೆ ಕೊಟ್ಟಿದ್ದಾರೆ. ಒಳ್ಳೆಯದೇ. ಆದರೆ ನಾವು ಇಲ್ಲೇ ವಾಸ ಮಾಡುವವರಾದರೂ ಹೆಚ್ಚು ಬರೆದು ಗೆದ್ದವರೇ. ಮಗ ಅಮ್ಮನನ್ನು ನೋಡಲು ಭಾನುವಾರ ಬಂದು ಸಂದಿಯಲ್ಲಿ ಎದುರಾದಾಗ ಈ ಮಾತು ನನ್ನ ಗಂಟಲಲ್ಲಿ ಬಂದು ನಿಲ್ಲುತ್ತದೆ. ಅವರು ಯಾವತ್ತೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದುಕೊಂಡಿಲ್ಲ. ಗೇಟು ಎತ್ತಿ ತೆಗೆಯುವುದು ಹೇಗೆ ಅಂತ ನನಗೆ ಹೇಳಿಕೊಟ್ಟದ್ದೇ ಅವರು.

ಸಂದಿಯ ಬಗ್ಗೆ ಕುತೂಹಲ ಹುಟ್ಟಿ ಕಡಾಸ್ಟರ್‌ನ 1832ರ ನಕ್ಷೆ ಹುಡುಕಿದೆ. ಆ ವರ್ಷದ ಹೊತ್ತಿಗೆ ದೇಶದ ಬಹುಪಾಲು ಕಡೆ ಪ್ರತಿ ತುಂಡು ನೆಲಕ್ಕೂ ನಂಬರ್ ಕೊಟ್ಟು, ಯಾರದು, ಅವರ ಕಸುಬು ಏನು, ಎಷ್ಟು ಅಳತೆ ಅಂತ ಪುಸ್ತಕದಲ್ಲಿ ಬರೆದಿದ್ದರು. ಅವೆಲ್ಲ ಈಗ ಕಂಪ್ಯೂಟರಿನಲ್ಲೇ ನೋಡಬಹುದು. ನಮ್ಮ ಮನೆ ಸಿಕ್ಕಿತು. ಪಕ್ಕದಲ್ಲಿ ಕೂದಲೆಳೆಯಷ್ಟು ತೆಳುವಾಗಿ ಸಂದಿ. ಮಾಲೀಕನ ಕಸುಬಿನ ಜಾಗದಲ್ಲಿ ಬಡಗಿ ಅಂತಿತ್ತು. ನೋಟಾರಿಸ್ ಓದಿದ ಕೈಗಾಡಿ ಯಾರದೋ, ಯಾವ ಕಾಲದ್ದೋ ಗೊತ್ತಿಲ್ಲ, ಆದರೂ ಹಲಗೆ ತುಂಬಿದ ಒಂದು ಗಾಡಿ ನನ್ನ ಕಣ್ಣಿಗೆ ಕಟ್ಟಿತು.

ಆದರೆ ಯಾವ ಪತ್ರದಲ್ಲೂ ಇಲ್ಲದ ಒಂದು ಸಂಗತಿ ಇದೆ. ಅದು ತಿಳಿದದ್ದು ಅಜ್ಜಿಯಿಂದ. ನಮ್ಮ ಮಾಡಿಗೂ ಅವರ ಮಾಡಿಗೂ ನಡುವೆ ನೀರು ಹೋಗುವ ದೋಣಿ ಒಂದೇ, ಸತುವಿನ ತಗಡಿನದು. ಎಲೆ ಕಟ್ಟಿಕೊಂಡರೆ ನೀರು ಎರಡೂ ಮನೆಗೆ ಇಳಿಯುತ್ತೆ. ಅಜ್ಜಿ ಅಟ್ಟಕ್ಕೆ ಬಂದು, ಕಡಿದಾದ ಏಣಿಮೆಟ್ಟಿಲನ್ನು ನನಗಿಂತ ಸಲೀಸಾಗಿ ಹತ್ತಿ, ಮಾಡಿನ ಕಿಟಕಿಯ ಪಕ್ಕದ ತೊಲೆ ತೋರಿಸಿದರು. ಪೆನ್ಸಿಲ್‌ನಲ್ಲಿ ಇಸವಿಗಳ ಸಾಲು. 1987ರಿಂದ ಶುರು, ಒಂದು ಬಿಟ್ಟು ಒಂದು ಮಾತ್ರ. ಬೇರೆ ಬೇರೆ ಕೈಬರಹ. ಬೆಸ ಸಂಖ್ಯೆಯ ವರ್ಷಗಳಷ್ಟೇ ಅಲ್ಲಿವೆ, ಅವು ಅವರ ಗಂಡ ಇದ್ದಾಗ ಅವರು, ಆಮೇಲೆ ಮಗ ಬಂದು ದೋಣಿ ತೊಳೆದ ವರ್ಷಗಳು. ದೋಣಿಗೆ ಇಳಿಯುವ ಕಿಟಕಿ ಇರುವುದು ನಮ್ಮ ಅಟ್ಟದಲ್ಲಿ ಮಾತ್ರ, ಅದಕ್ಕೆ ಗುರುತೂ ಇಲ್ಲೇ. "ನಿಮ್ಮ ಮನೆಯಲ್ಲಿ ಹಿಂದೆ ಇದ್ದವರು ಬರೆಯುತ್ತಿರಲಿಲ್ಲ. ಸುಮ್ಮನೆ ಮಾಡುತ್ತಿದ್ದರು" ಅಂದರು ಅಜ್ಜಿ. ಕೊನೆಯದು 2023.

2024ರ ಅಕ್ಟೋಬರ್‌ನಲ್ಲಿ, ಮನೆಗೆ ಬಂದು ಸರಿಯಾಗಿ ವರ್ಷವಾದಾಗ, ಅಪ್ಪನಿಗೆ ನಾನೇ ಫೋನ್ ಮಾಡಿದೆ. ಬರ್ಕೊಳ್ಳಿ ಅಂದೆ. ಅವರು ಪೆನ್ನು ಹುಡುಕಲು ಹೋದ ಸದ್ದು ಕೇಳಿಸಿತು.

"ಪೂರ್ವಕ್ಕೆ ಬೀದಿ. ಗೋಡೆ ಬುಡದಲ್ಲಿ ಒಂದು ಗೇಣು ಮಣ್ಣು, ಅದು ಪುರಸಭೆದು, ಗಿಡ ನಮ್ಮದು. ದಕ್ಷಿಣಕ್ಕೆ ಸಂದಿ. ಸಂದಿ ನಮ್ಮದು, ಓಡಾಡೋದು ಪಕ್ಕದ ಮನೆ ಅಜ್ಜಿ. ಸಂದಿಯಾಚೆ ಮನೆಯವರ ಹಿಂದಿನ ಸೂರಿನ ನೀರು ನಮ್ಮ ಹಿತ್ತಲಿಗೆ. ಪಶ್ಚಿಮಕ್ಕೆ ಹಿತ್ತಲ ಗೋಡೆ. ಉತ್ತರಕ್ಕೆ ಅಜ್ಜಿ ಮನೆ. ಗೋಡೆ ಇಬ್ಬರದೂ. ಮೇಲೆ ಒಂದೇ ದೋಣಿ, ಒಂದು ವರ್ಷ ಅವರು ತೊಳೀತಾರೆ, ಒಂದು ವರ್ಷ ನಾವು."

ಅಪ್ಪ ಬರೆದುಕೊಂಡರು. ಅವರು ಬರೆಯುವಾಗ ತುಟಿಯಲ್ಲೇ ಓದಿಕೊಳ್ಳುತ್ತಾರೆ. "ಸೂರಿನ ನೀರು" ಅನ್ನುವುದನ್ನು ಎರಡು ಸಲ ಹೇಳಿಕೊಂಡರು. ಆಕ್ಷೇಪ ಬರುತ್ತೆ ಅಂತ ಕಾದೆ.

"ದೋಣಿದು ಈ ವರ್ಷ ಯಾರ ಪಾಳಿ?" ಅಂದರು.

"ನಮ್ಮದೇ ಅಪ್ಪ."

"ಮಾಡಿದಿರಾ?"

ಎಲೆ ಇನ್ನೂ ಪೂರ್ತಿ ಉದುರಿಲ್ಲ, ನವೆಂಬರ್ ಕೊನೆಗೆ ಮಾಡ್ತೀವಿ ಅಂದೆ. ಮರೀಬೇಡಿ ಅಂದರು. ನವೆಂಬರ್ ಕೊನೆಯ ಶನಿವಾರ ನನ್ನ ಗಂಡ ಕಿಟಕಿಯಿಂದ ಇಳಿದು ಮೂರು ಬಕೆಟ್ ಎಲೆ ತೆಗೆದರು. ನಾನು ಕೆಳಗೆ ಸಂದಿಯಲ್ಲಿ ಸುರಿದು ಬಂದು, ಪೆನ್ಸಿಲ್ ತಗೊಂಡು 2023ರ ಕೆಳಗೆ ಬರೆದೆ. ಹಿಂದಿನವರು ಬರೆಯುತ್ತಿರಲಿಲ್ಲ. ಬರೆದಿದ್ದರೆ ಒಳ್ಳೆಯದಿತ್ತು ಅಂತ ಅನ್ನಿಸಿತು.